ಮೇಲಿನವರ ಮಳೆ, ಕೆಳಗಿನವರ ನೆರೆ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಹೆಸರಿಸಬಹುದಾದ ಒಂದು ಮಹಾನದಿಯೂ ಬಳಿಯಲ್ಲಿ ಹರಿಯದೆ, ಪ್ರಸ್ಥಭೂಮಿಯ ಬೆನ್ನೇರಿ ಕುಳಿತಿರುವ ಬೆಂಗಳೂರಿನಲ್ಲಿ ಮನೆಗಳೊಳಕ್ಕೆ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತೆಂಬ ವಾರ್ತೆಯನ್ನು 2022ರ ಸೆಪ್ಟೆಂಬರಿನಲ್ಲಿ ಓದಿದ ಹೊರನಾಡಿನವರಿಗೆ ಅದೊಂದು ನಂಬಲಾಗದ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆ ತಿಂಗಳ 4ನೆಯ ತಾರೀಖಿನ ರಾತ್ರಿಯಿಂದ 5ರ ಬೆಳಗಿನವರೆಗೆ ನಗರದಲ್ಲಿ ಬಿದ್ದ ಮಳೆ 131.6 ಮಿಲಿಮೀಟರ್. ಮಲೆನಾಡಿನ ಆಗುಂಬೆ, ಹುಲಿಕಲ್ಲುಗಳ ಕಡೆಯವರು ಇದನ್ನು ಕೇಳಿ ನಕ್ಕಾರು. ಆಷಾಢದಲ್ಲಿ ಅಂಥ ಮಳೆ ಅವರಿಗೆ ವಾರಕ್ಕೊಮ್ಮೆಯ ಅತಿಥಿ. ಆದರೂ ಘಟ್ಟದ ಹಳ್ಳಿ ತಡೆದುಕೊಂಡ ಮಳೆಯನ್ನು ಕೋಟಿಗಟ್ಟಲೆ ಬೆಲೆಯ ಬಂಗಲೆಗಳ ಬಡಾವಣೆ ತಡೆದುಕೊಳ್ಳಲಾರದೆ ಹೋಯಿತು ಎಂಬಲ್ಲಿಯೇ, ವಿಪತ್ತನ್ನು ಕುರಿತು ನಾವು ತಿಳಿಯಬೇಕಾದ ಮೊದಲ ಸಂಗತಿ ಅಡಗಿದೆ. ಮಳೆ ಪ್ರಕೃತಿಯ ವ್ಯಾಪಾರ. ಆ ಮಳೆ ಯಾರ ಅಂಗಳದಲ್ಲಿ ನಿಲ್ಲಬೇಕೆಂಬುದು ಬಹುಪಾಲು ಮನುಷ್ಯರ ವ್ಯವಹಾರ.

ವಿಪತ್ತುಗಳನ್ನು ಅಭ್ಯಸಿಸುವ ಶಾಸ್ತ್ರಜ್ಞರು ಅಪಾಯವನ್ನು ಮೂರು ಅಂಶಗಳಾಗಿ ಬಿಡಿಸುತ್ತಾರೆ: ನಿಸರ್ಗದಲ್ಲಿ ಉಂಟಾಗುವ ಪ್ರಕೋಪವೊಂದು, ಅದರ ದಾರಿಯಲ್ಲಿ ನಿಂತಿರುವ ಜನ ಮತ್ತು ಆಸ್ತಿ ಇನ್ನೊಂದು, ಹಾಗೆ ನಿಂತವರಿಗೆ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿ ಎಷ್ಟಿದೆಯೆಂಬುದು ಮತ್ತೊಂದು. ಮರುಭೂಮಿಯಲ್ಲಿ ನಡೆದ ಭೂಕಂಪ ಭೂಗರ್ಭಶಾಸ್ತ್ರದ ಒಂದು ದಾಖಲೆ ಮಾತ್ರ. ಅದೇ ಕಂಪನ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರ್, ಕಲಬುರಗಿಗಳಿಗೆ ದೂರವಲ್ಲದ ಕಿಲ್ಲಾರಿಯ ಸುತ್ತಣ ಹಳ್ಳಿಗಳಲ್ಲಿ, ಮಣ್ಣಿನ ಗಾರೆಯಿಂದ ಪೇರಿಸಿದ ಕಲ್ಲುಗೋಡೆಗಳ ಕೆಳಗೆ ಮಲಗಿದ್ದ ಸಾವಿರಾರು ಜನರ ಮೇಲೆ ಎರಗಿದಾಗ ಮಹಾದುರಂತವಾಯಿತು. ಈ ಲೆಕ್ಕಾಚಾರ ತರ್ಕಬದ್ಧವಾಗಿಯೇ ಇದೆ. ಆದರೆ ನನಗೆ ಅದರಲ್ಲಿ ಒಂದು ಕೊರತೆ ಕಾಣುತ್ತದೆ. ಅಪಾಯವೆಂಬುದು ಎಲ್ಲಿಯೋ ಸ್ಥಿರವಾಗಿ ಕುಳಿತಿದ್ದು, ನಾವು ಅದನ್ನು ಅಳೆದು ತಗ್ಗಿಸಬಹುದೆಂಬ ಭಾವನೆಯನ್ನು ಆ ಸೂತ್ರ ಹುಟ್ಟಿಸುತ್ತದೆ. ನಮ್ಮ ಊರಿನ ಚರಿತ್ರೆಯನ್ನು ನೋಡಿದರೆ ಅಪಾಯ ಹಾಗೆ ಕುಳಿತುಕೊಳ್ಳುವುದಿಲ್ಲ, ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಸಾಗುತ್ತದೆ. ದಂಡುಪ್ರದೇಶ ಮತ್ತು ಅದರ ಪೂರ್ವದ ಸೀಮೆ, ಎಂದರೆ ಇಂದಿನ ಶಿವಾಜಿನಗರ, ಹಲಸೂರು, ಸರ್ವಜ್ಞನಗರ, ಕೃಷ್ಣರಾಜಪುರಗಳ ಪ್ರಾಂತ್ಯ, ಇದಕ್ಕೆ ಒಳ್ಳೆಯ ನಿದರ್ಶನ.

1876ರಿಂದ 78ರವರೆಗೆ ಮೈಸೂರು ಸಂಸ್ಥಾನವನ್ನು ಹಿಂಡಿದ ಧಾತು-ಈಶ್ವರ ಸಂವತ್ಸರಗಳ ಕ್ಷಾಮವನ್ನು ಈಗ ನೆನೆಯುವವರು ವಿರಳ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತೆಂದರೆ ಅದರ ಘೋರತೆಯನ್ನು ಊಹಿಸಿಕೊಳ್ಳಬಹುದು. ಹಸಿದವರು ಬಹುಮಂದಿ ಬೆಂಗಳೂರಿನ ಕಡೆಗೆ ನಡೆದುಬಂದರು. ಧಾನ್ಯ ಎಲ್ಲಿಯೂ ಇರಲಿಲ್ಲವೆಂದಲ್ಲ. ಇದ್ದಲ್ಲಿಂದ ಇಲ್ಲದಲ್ಲಿಗೆ ಸಾಗಿಸುವ ದಾರಿ ಇರಲಿಲ್ಲ, ಕೊಳ್ಳುವ ಹಣ ಬಡವನ ಸೊಂಟದಲ್ಲಿರಲಿಲ್ಲ. ಈ ಪಾಠವನ್ನು ಕಲಿತ ಸರ್ಕಾರ ರೈಲುದಾರಿಗಳಿಗೆ ಕೈಹಾಕಿತು. ಬೆಂಗಳೂರು-ಮೈಸೂರು ದಾರಿಯ ಕೆಲಸವನ್ನೇ ಕ್ಷಾಮಪರಿಹಾರದ ಕಾಮಗಾರಿಯಾಗಿ ಆರಂಭಿಸಿದ್ದುಂಟು. ಬರ ಬಂದರೂ ಅನ್ನ ತಲುಪುವಂತೆ ಮಾಡಿದ ರೈಲನ್ನು ಆ ಕಾಲದವರು ಕೊಂಡಾಡಿದ್ದು ಸಹಜವೇ ಆಗಿತ್ತು.

ಅದೇ ಹಳಿಗಳ ಮೇಲೆ, 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿಯ ಕಡೆಯಿಂದ ಪ್ಲೇಗ್ ಬಂದಿಳಿಯಿತು. ಎರಡು ವರ್ಷಗಳ ಹಿಂದೆ ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ಈ ಮಾರಿಯನ್ನು ತಡೆಯಲೆಂದು ನಿಲ್ದಾಣಗಳಲ್ಲಿ ತಪಾಸಣೆ ನಡೆದೇ ಇತ್ತು. ಆದರೆ ಪ್ರಯಾಣಿಕನ ನಾಡಿಯನ್ನು ನೋಡಿದವರು ಗೋಣಿಚೀಲದೊಳಗಿನ ಇಲಿಯನ್ನಾಗಲಿ, ಇಲಿಯ ಮೈಮೇಲಿನ ಚಿಗಟವನ್ನಾಗಲಿ ನೋಡುವಂತಿರಲಿಲ್ಲ. ಚಿಗಟವೇ ರೋಗವಾಹಕವೆಂದು ಪೋಲ್-ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು ಅದೇ 1898ರಲ್ಲಿ, ಮತ್ತು ಅದನ್ನು ವಿದ್ವಾಂಸರು ಒಪ್ಪುವುದಕ್ಕೆ ಮತ್ತಷ್ಟು ವರ್ಷಗಳು ಹಿಡಿದವು. ಆದುದರಿಂದ ಆಡಳಿತದವರು ಕಂಡದ್ದು ಕೊಳಕು, ಇಕ್ಕಟ್ಟು ಮತ್ತು ಬಡವರು. ದಂಡಿಸಿದ್ದು ಮುಖ್ಯವಾಗಿ ಕೊನೆಯವರನ್ನು. ಸೋಂಕು ತಗಲಿದ ಮನೆಗಳ ಹಂಚು ತೆಗೆಸಿ ಬಿಸಿಲು ಹಾಯಿಸುವುದು, ಬಟ್ಟೆಬರೆಗಳನ್ನು ಸುಡುವುದು, ಒಡನಾಡಿಗಳನ್ನು ಊರ ಹೊರಗಿನ ಶೆಡ್ಡುಗಳಿಗೆ ಅಟ್ಟುವುದು, ಇವೆಲ್ಲವೂ ನಡೆದವು. ಜನರು ಹೆಣಗಳನ್ನು ಬಚ್ಚಿಟ್ಟರು, ಊರು ಬಿಟ್ಟು ಓಡಿದರು, ಮತ್ತು ಉಳಿದವರು ಮಾರಮ್ಮನಿಗೆ ಪ್ಲೇಗಮ್ಮನೆಂಬ ಹೊಸ ಹೆಸರಿಟ್ಟು ಗುಡಿ ಕಟ್ಟಿದರು. ಅವಳ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಉಳಿದಿವೆ. ಆ ಶೆಡ್ಡುಗಳ ಗುರುತು ಉಳಿದಿಲ್ಲ.

ಆಗ ಬೆಂಗಳೂರು ಒಂದೇ ಊರಾಗಿರಲಿಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಪೇಟೆ ಮೈಸೂರು ಮಹಾರಾಜರ ಸರ್ಕಾರಕ್ಕೆ ಸೇರಿದ್ದರೆ ದಂಡು ಬ್ರಿಟಿಷ್ ರೆಸಿಡೆಂಟನ ಅಧೀನದಲ್ಲಿತ್ತು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ, ಬೇರೆ ಬೇರೆ ನಿಯಮ. ಸಂಸ್ಥಾನದ ಕಡೆಯಲ್ಲಿ ಪ್ಲೇಗ್ ಕಮಿಷನರಾಗಿ ದುಡಿದ ವಿ. ಪಿ. ಮಾಧವರಾಯರು ಮುಂದೆ ದಿವಾನರಾದರು. ಕಬ್ಬನ್ ಪಾರ್ಕಿನ ಆಚೀಚೆ ಎರಡು ಸರ್ಕಾರಗಳ ಗಡಿ ಇದೆಯೆಂಬುದು ಇಲಿಗಳಿಗೆ ತಿಳಿದಿರಲಿಲ್ಲವಾದ್ದರಿಂದ ಒಂದು ಕಡೆಯ ನಿರ್ಬಂಧ ಇನ್ನೊಂದು ಕಡೆ ಪೊಳ್ಳಾಗುತ್ತಿತ್ತು. 1949ರಲ್ಲಿ ಎರಡೂ ಒಂದಾಗಿ ಕಾರ್ಪೊರೇಷನ್ ಆಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಅದು ಐದು ನಗರಪಾಲಿಕೆಗಳಾಗಿ ಮತ್ತೆ ಒಡೆಯಿತು. ನೀರಿಗೂ ಈ ಗಡಿಗಳು ತಿಳಿದಿರುವಂತೆ ಕಾಣುವುದಿಲ್ಲ.

ಪ್ಲೇಗಿಗೆ ದಂಡಿನವರು ಕೊಟ್ಟ ಉತ್ತರ ಮಾತ್ರ ಗಮನಾರ್ಹವಾದದ್ದು. ಬ್ಲ್ಯಾಕ್‌ಪಲ್ಲಿ ಎಂದು ಆಗ ಹೆಸರಾಗಿದ್ದ ಇಂದಿನ ಶಿವಾಜಿನಗರದ ಇಕ್ಕಟ್ಟನ್ನು ಸಡಿಲಿಸಲೆಂದು, ರೈಲುದಾರಿಯಿಂದಾಚೆಗೆ, ರೆಸಿಡೆಂಟ್ ಸ್ಟುವರ್ಟ್ ಫ್ರೇಜರನ ಹೆಸರಿನಲ್ಲಿ ಹೊಸ ಪಟ್ಟಣವೊಂದಕ್ಕೆ ಯೋಜನೆ ಸಿದ್ಧವಾಗಿ 1910ರಲ್ಲಿ ಅಸ್ತಿಭಾರ ಬಿತ್ತು. ಇದರ ಶಿಲ್ಪಿ ಮುನಿಸಿಪಲ್ ಇಂಜಿನಿಯರ್ ಜೆ. ಎಚ್. ಸ್ಟೀಫನ್ಸ್, ಪ್ಲೇಗು ಹೊಗದಂಥ ಪಟ್ಟಣವನ್ನು ಕಟ್ಟುವ ಕ್ರಮವನ್ನು ಕುರಿತು ಆತ 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಪುಲಕೇಶಿನಗರವೆಂದು ಈಗ ಕರೆಸಿಕೊಳ್ಳುವ ಫ್ರೇಜರ್ ಟೌನಿನಲ್ಲಿ ಅವನ ಹೆಸರಿನ ರಸ್ತೆ ಇನ್ನೂ ಉಂಟು. ಅಲ್ಲಿ ಉಳಿದಿರುವ ಒಂದೆರಡು ಹಳೆಯ ಮನೆಗಳನ್ನು ನಿಂತು ನೋಡಿದರೆ ಆ ಕಾಲದ ಭೀತಿಯೂ ವಿವೇಕವೂ ಒಟ್ಟಿಗೆ ಕಾಣಿಸುತ್ತವೆ: ಇಲಿ ಬಿಲ ತೋಡದಂತೆ ಗಟ್ಟಿಯಾದ ನೆಲ, ಮನೆಗೂ ಮನೆಗೂ ನಡುವೆ ಗಾಳಿ ಸುಳಿಯುವಷ್ಟು ತೆರವು, ಮೂಲೆಗಳವರೆಗೆ ಬೆಳಕು ಬೀಳಲೆಂದು ಎತ್ತರದಲ್ಲಿಟ್ಟ ಕಿಟಕಿ, ಹಿಂಬದಿಯಲ್ಲಿ ಕಸ, ಕಕ್ಕಸುಗಳ ಕೆಲಸಕ್ಕೆಂದೇ ಬಿಟ್ಟ ಕಿರುಗಲ್ಲಿ. ವಿಪತ್ತು ಕಳೆದ ಮೇಲೆ ಪರಿಹಾರದ ಚೀಟಿ ಹಂಚಿ ಕೈತೊಳೆದುಕೊಳ್ಳದೆ, ಮುಂದಿನ ವಿಪತ್ತು ನೆಲೆಸಲು ಎಡೆಯೇ ಇಲ್ಲದಂತೆ ನೆಲವನ್ನೇ ಹದಗೊಳಿಸುವ ಈ ಬುದ್ಧಿ ನಮ್ಮ ನಾಡಿನಲ್ಲಿ ಅಪರೂಪವಾದದ್ದು. ಆದರೆ ಬ್ಲ್ಯಾಕ್‌ಪಲ್ಲಿಯಲ್ಲಿ ಸೂರು ಕಳೆದುಕೊಂಡ ಕೂಲಿಯವನು, ಜಟಕಾದವನು, ಅಡುಗೆಯವನು, ಎಲ್ಲರೂ ಹೊಸ ಪಟ್ಟಣದಲ್ಲಿ ನಿವೇಶನ ಕೊಂಡು ಕಲ್ಲುಮನೆ ಕಟ್ಟಿಸಿದರೆಂದು ನಂಬುವುದು ಕಷ್ಟ. ಸ್ಥಿತಿವಂತರು ಇಲಿಯಿಂದ ದೂರ ಸರಿದರು. ಇಲಿಯೂ ಅಶಕ್ತನೂ ಹಿಂದೆ ಉಳಿದರು.

ಇನ್ನು ನೀರಿನ ವಿಚಾರ. ಬೆಂಗಳೂರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆಯ ಸಾಲು ಹಾದುಹೋಗುತ್ತದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಸೇರಿದರೆ, ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳದ ಕಣಿವೆ, ಕೋರಮಂಗಲ-ಚಲ್ಲಘಟ್ಟದ ಕಣಿವೆಗಳೆಂಬ ಎರಡು ದಾರಿಗಳಿಂದ ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ಹೆಬ್ಬಾಳ, ನಾಗವಾರ, ಕಲ್ಕೆರೆ, ರಾಂಪುರ, ಎಲೆಮಲ್ಲಪ್ಪಶೆಟ್ಟಿ ಕೆರೆ ಎಂದು ಮೊದಲನೆಯ ಸಾಲು. ಹಲಸೂರು ಕೆರೆಯ ಹೆಚ್ಚುವರಿ ನೀರನ್ನೂ ಕೂಡಿಸಿಕೊಂಡು ಬೆಳ್ಳಂದೂರು, ವರ್ತೂರುಗಳ ಮೂಲಕ ಹರಿಯುವುದು ಎರಡನೆಯದು. ಈ ಕೆರೆಗಳು ದೇವರು ಕೊಟ್ಟವಲ್ಲ. ಅಗರದ ಒಂಬತ್ತನೆಯ ಶತಮಾನದ ಗಂಗರ ಕಾಲದ ಶಾಸನದಲ್ಲಿಯೇ ಕೆರೆಗೆ ತೂಬು ಇಡಿಸಿದ ಮಾತು ಬರುತ್ತದೆಯಾಗಿ, ಸಾವಿರ ವರ್ಷಗಳಿಗೂ ಮೀರಿ ಇಲ್ಲಿನ ಜನ ಮಳೆಯ ನೀರನ್ನು ಹಂತಹಂತವಾಗಿ ನಿಲ್ಲಿಸಿ, ಉಂಡು, ಮಿಕ್ಕಿದ್ದನ್ನು ಕೆಳಗಿನವರಿಗೆ ಬಿಟ್ಟುಕೊಡುವ ಏರ್ಪಾಡನ್ನು ನಡೆಸಿಕೊಂಡು ಬಂದಿದ್ದರೆನ್ನಬೇಕು.

ಕೆರೆಯ ಅಂಗಗಳನ್ನು ಇಂದಿನ ನಗರದ ಹುಡುಗರಿಗೆ ಸ್ವಲ್ಪ ವಿವರಿಸಿ ಹೇಳಬೇಕಾದೀತು. ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ ಏರಿ. ಬೇಕಾದಾಗ ಗದ್ದೆಗೆ ನೀರು ಬಿಡುವ ಬಾಗಿಲು ತೂಬು. ಕೆರೆ ತುಂಬಿದ ಮೇಲೆ ಹೆಚ್ಚಾದದ್ದು ಏರಿಯನ್ನು ಕೊರೆಯದೆ ತಾನಾಗಿ ಹೊರಬೀಳುವ ಕಲ್ಲುಕಟ್ಟಡದ ದಾರಿ ಕೋಡಿ. ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ನೀರೊಯ್ಯುವುದು ರಾಜಕಾಲುವೆ. ಇವುಗಳ ನಡುವೆ ನೀರುಗಂಟಿಯೆಂಬ ಮನುಷ್ಯನೊಬ್ಬ. ಬಹುಮಟ್ಟಿಗೆ ದಲಿತ ಮನೆತನಗಳವನಾದ ಈತ ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ನಡೆದಾಡಿ, ಎಲ್ಲಿ ಹೆಗ್ಗಣ ಬಿಲ ತೋಡಿದೆ, ಎಲ್ಲಿ ನೀರು ಜಿನುಗುತ್ತಿದೆ, ಕೋಡಿಗೆ ಕಸ ಕಟ್ಟಿಕೊಂಡಿದೆಯೆ ಎಂದು ನೋಡುತ್ತಿದ್ದ. ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ಕೈಯಲ್ಲಿತ್ತು. ವಿಪತ್ತಿನ ಮುನ್ಸೂಚನೆ, ನಿರ್ವಹಣೆ, ಹಂಚಿಕೆ ಮೂರನ್ನೂ ಮಾಡುತ್ತಿದ್ದ ಆತನಿಗೆ ಸ್ವಂತದ ಗದ್ದೆ ಇದ್ದದ್ದು ಕಡಿಮೆ. ಆದ್ದರಿಂದ ಹಿಂದಿನ ವ್ಯವಸ್ಥೆಯನ್ನು ರಾಮರಾಜ್ಯವೆಂದು ಬಣ್ಣಿಸಲು ನನಗೆ ಮನಸ್ಸು ಬಾರದು. ನೀರು ಸಾಲದ ವರ್ಷ ಅಚ್ಚುಕಟ್ಟಿನ ಕೊನೆಯ ಗದ್ದೆಯವನೇ ಒಣಗುತ್ತಿದ್ದ. ಆದರೂ ಒಂದು ಗುಣ ಅದರಲ್ಲಿತ್ತು: ಕೆಳಗೆ ಇನ್ನೊಂದು ಕೆರೆಯಿದೆ, ಅದರ ಕೆಳಗೆ ಇನ್ನೊಂದು ಊರಿದೆ ಎಂಬ ಅರಿವು ಆ ಕಟ್ಟಡದ ರಚನೆಯಲ್ಲಿಯೇ ಸೇರಿಕೊಂಡಿತ್ತು.

ನಗರ ಬೆಳೆದಂತೆ ಅಚ್ಚುಕಟ್ಟು ಸೈಟುಗಳಾಯಿತು. ಗದ್ದೆಯಿಲ್ಲದ ಕೆರೆ ನಿರರ್ಥಕವೆನಿಸಿತು. ದಂಡಿನ ಜನರಿಗೆ ನೀರೊದಗಿಸಲೆಂದು ಹಲಸೂರು ಕೆರೆಯ ಮೇಲ್ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ್ದ ಮಿಲ್ಲರ್ಸ್ ಕೆರೆ ಇಂದು ಭವನಗಳೂ ರಸ್ತೆಗಳೂ ಆಗಿ, ಹೆಸರನ್ನು ಮಾತ್ರ ಉಳಿಸಿಕೊಂಡಿದೆ. ಅಶೋಕನಗರದ ಶೂಲೆ ಕೆರೆ ಫುಟ್‌ಬಾಲ್ ಮೈದಾನವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆ ಹೋದರೂ ಅದಕ್ಕೆ ಬರುತ್ತಿದ್ದ ನೀರು ಹೋಗಲಿಲ್ಲ. 30×40 ಅಡಿಯ ಒಂದು ಸೈಟಿನ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಅದು 11,000 ಲೀಟರಿಗೂ ಮೀರಿದ ನೀರು, ಒಂದು ಎಕರೆಗೆ ನಾಲ್ಕು ಲಕ್ಷ ಲೀಟರ್. ಹಿಂದೆ ಇದರಲ್ಲಿ ದೊಡ್ಡ ಪಾಲು ಹಿತ್ತಿಲಿನ ಮಣ್ಣಿಗೆ ಇಂಗಿ, ಉಳಿದದ್ದು ತಡವಾಗಿ ಕಾಲುವೆಯನ್ನು ಸೇರುತ್ತಿತ್ತು. ಈಗ ತಾರಸಿ, ಟೈಲು, ಕಾಂಕ್ರೀಟು, ಡಾಂಬರುಗಳ ಮೇಲೆ ಜಾರಿ ಎಲ್ಲರ ಮನೆಯದೂ ಏಕಕಾಲದಲ್ಲಿ ಅಲ್ಲಿಗೆ ಧಾವಿಸುತ್ತದೆ. ಪ್ರತಿಯೊಬ್ಬ ಮನೆಯವನೂ ತನ್ನ ಅಂಗಳದಿಂದ ನೀರನ್ನು ಬೇಗನೆ ಹೊರಗಟ್ಟಿ ತನ್ನ ಅಪಾಯವನ್ನು ಪರಿಹರಿಸಿಕೊಂಡನೆಂದುಕೊಳ್ಳುತ್ತಾನೆ. ವಾಸ್ತವದಲ್ಲಿ ಅದನ್ನು ಇಳಿಜಾರಿನಲ್ಲಿರುವವನ ವಿಳಾಸಕ್ಕೆ ಕಳುಹಿಸಿರುತ್ತಾನೆ.

ವಿಪರ್ಯಾಸವೆಂದರೆ, 2024ರ ಮಾರ್ಚಿನಲ್ಲಿ ಇದೇ ಪೂರ್ವಭಾಗದ ಬಡಾವಣೆಗಳು ಕೊಳವೆಬಾವಿ ಬತ್ತಿ ಟ್ಯಾಂಕರಿನವನ ಫೋನಿಗಾಗಿ ಕಾದು ಕುಳಿತಿದ್ದವು. ಅಕ್ಟೋಬರಿನಲ್ಲಿ ಅವೇ ಬೀದಿಗಳಲ್ಲಿ ಮೊಣಕಾಲುದ್ದ ನೀರು. ಎರಡು ಟ್ಯಾಂಕರುಗಳಷ್ಟು ನೀರನ್ನು ಒಂದೇ ಮಳೆಯಲ್ಲಿ ಹೊರದೂಡಿದ ಮನೆಯವನೇ ಐದು ತಿಂಗಳು ಕಳೆದರೆ ಅಷ್ಟಕ್ಕೇ ಸಾವಿರಾರು ರೂಪಾಯಿ ತೆರುತ್ತಾನೆ. ಮಳೆನೀರು ಸಂಗ್ರಹವನ್ನು 2009ರಲ್ಲಿಯೇ ಕಾನೂನು ಕಡ್ಡಾಯಗೊಳಿಸಿತು. ಎಷ್ಟೋ ಮನೆಗಳಲ್ಲಿ ಆ ಕೊಳವೆ ಅನುಮತಿಪತ್ರಕ್ಕಾಗಿ ಗೋಡೆಯ ಮೇಲೆ ಇಳಿದು, ಯಾವ ಗುಂಡಿಯನ್ನೂ ಮುಟ್ಟದೆ, ಚರಂಡಿಯ ಬಾಯಲ್ಲಿ ಕೊನೆಗೊಳ್ಳುತ್ತದೆ.

ಅಪಾಯವನ್ನು ಅಳೆಯುವ ಕ್ರಮದಲ್ಲಿಯೂ ಜನಸಾಮಾನ್ಯರು ಮೋಸಹೋಗುವ ಒಂದು ಜಾಗವಿದೆ. ನೂರು ವರ್ಷಕ್ಕೊಮ್ಮೆ ಬರುವ ಮಳೆ ಎಂದು ಇಂಜಿನಿಯರು ಹೇಳಿದಾಗ, ಈ ವರ್ಷ ಬಂದದ್ದು ಇನ್ನು ಮೊಮ್ಮಕ್ಕಳ ಕಾಲಕ್ಕೆ ಎಂದು ಕೇಳಿದವನು ಸಮಾಧಾನಪಡುತ್ತಾನೆ. ಅದರ ಅರ್ಥ ಅದಲ್ಲ. ಪ್ರತಿ ವರ್ಷವೂ ಅಂಥ ಮಳೆಗೆ ನೂರಕ್ಕೊಂದು ಸಂಭವವಿದೆಯೆಂದು ಮಾತ್ರ. ಮೂವತ್ತು ವರ್ಷದ ಗೃಹಸಾಲ ಮಾಡಿ ತಗ್ಗಿನಲ್ಲಿ ಮನೆ ಕೊಂಡವನು, ಸಾಲ ತೀರುವುದರೊಳಗೆ ಅದನ್ನು ಒಮ್ಮೆಯಾದರೂ ಎದುರಿಸುವ ಸಂಭವ ನಾಲ್ಕಕ್ಕೊಂದರಷ್ಟು. ಬ್ಯಾಂಕಿನವರು ಸಂಬಳದ ಚೀಟಿ ಕೇಳುತ್ತಾರೆ, ಕಟ್ಟಡದ ನಕ್ಷೆ ಕೇಳುತ್ತಾರೆ. ಸೈಟಿನ ಮಟ್ಟ ರಾಜಕಾಲುವೆಯ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಜ್ಞಾನದ ಅಭಾವವೇ ಇದಕ್ಕೆಲ್ಲ ಕಾರಣವೆನ್ನುವಂತಿಲ್ಲ. 1988ರಲ್ಲಿ ಬರದ ಸ್ಥಿತಿಗತಿಗಳನ್ನು ಗಮನಿಸಲೆಂದು ಕರ್ನಾಟಕ ಸರ್ಕಾರ ತೆರೆದ ಪುಟ್ಟ ಘಟಕವೇ ಬೆಳೆದು ಇಂದು ಯಲಹಂಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಹೋಬಳಿ, ಗ್ರಾಮಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟು ಕ್ಷಣಕ್ಷಣದ ಲೆಕ್ಕ ಇಡುವ ಇಂಥ ಸಂಸ್ಥೆ ದೇಶದ ಬೇರೆ ರಾಜ್ಯಗಳಿಗೆ ಮೇಲ್ಪಂಕ್ತಿಯಾಯಿತು. ಬೆಂಗಳೂರಿನ ನಿವಾಸಿಗಳಿಗಾಗಿಯೇ ಮೇಘಸಂದೇಶವೆಂಬ ಆ್ಯಪನ್ನೂ ಅದು ಸಿದ್ಧಪಡಿಸಿತು. 2005ರ ವಿಪತ್ತು ನಿರ್ವಹಣಾ ಕಾಯಿದೆಯಿದೆ, ಜಿಲ್ಲೆಗೊಂದು ಪ್ರಾಧಿಕಾರವಿದೆ, ವಿಪತ್ತು ಬಂದ ಮೇಲೆ ಓಡುವುದಕ್ಕಿಂತ ಮೊದಲೇ ಅಪಾಯವನ್ನು ತಗ್ಗಿಸಿರೆಂದು ಸಾರುವ 2015ರ ಸೆಂಡಾಯ್ ಚೌಕಟ್ಟಿಗೆ ಭಾರತದ ಒಪ್ಪಿಗೆಯೂ ಇದೆ. ಕೆರೆಗಳನ್ನು ಉಳಿಸಬೇಕೆಂದು ಎನ್. ಲಕ್ಷ್ಮಣರಾಯರ ಸಮಿತಿ ಎಂಬತ್ತರ ದಶಕದಲ್ಲಿಯೇ ವರದಿ ಕೊಟ್ಟಿತು. ಕೆರೆಯಂಚಿನಿಂದ 75 ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಆಜ್ಞಾಪಿಸಿದಾಗ, ಕಾನೂನುಬದ್ಧವಾದ ಮಾಸ್ಟರ್ ಪ್ಲಾನನ್ನು ಮೀರಿ ಹಾಗೆ ವಿಧಿಸಲಾಗದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ನ್ಯಾಯದ ದೃಷ್ಟಿಯಿಂದ ಅದು ಸರಿಯೇ ಇದ್ದೀತು. ನೀರು ಎಷ್ಟು ಮೀಟರ್ ಹರಡಬೇಕೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

2024ರ ಅಕ್ಟೋಬರ್ 22ರಂದು, ಬಿಡದೆ ಸುರಿಯುತ್ತಿದ್ದ ಮಳೆಯ ನಡುವೆ, ಹೆಣ್ಣೂರಿನ ಬಳಿಯ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು ಒಂಬತ್ತು ಮಂದಿ ಸತ್ತರು. ಅನುಮತಿಗಿಂತ ಹೆಚ್ಚಿನ ಅಂತಸ್ತುಗಳನ್ನು ಏರಿಸಲಾಗಿತ್ತೆಂದು ಅಧಿಕಾರಿಗಳು ತಿಳಿಸಿದರು. ಲಾಭದ ಪಾಲು ಒಬ್ಬರದು, ಆ ಅಂತಸ್ತುಗಳ ಕೆಳಗೆ ಊಟದ ಡಬ್ಬಿ ಬಿಚ್ಚುವ ಪಾಲು, ದೂರದ ಊರುಗಳಿಂದ ಬಂದ ಗಾರೆಯವರದೂ ಬಣ್ಣದವರದೂ. ಈ ಸಾವುಗಳನ್ನು ಮಳೆಯ ಲೆಕ್ಕಕ್ಕೆ ಬರೆಯುವುದಾದರೆ ಮಳೆಗೆ ಅನ್ಯಾಯವಾದೀತು.

ಅಲ್ಲಿಂದ ದೂರವಲ್ಲದ ಹೊರಮಾವಿನ ಸಾಯಿ ಲೇಔಟ್ 2025ರ ಮೇ ತಿಂಗಳಲ್ಲಿ ಮತ್ತೊಮ್ಮೆ ಮುಳುಗಿತು. ಅಂಥ ಬೀದಿಯ ನೆಲಮಹಡಿಯಲ್ಲಿ ವಾಸಿಸುವವರ ಗೃಹಕೃತ್ಯವೇ ಬೇರೆ ತೆರನಾದದ್ದು: ಅಕ್ಕಿಯ ಡಬ್ಬಗಳು ಅಟ್ಟದ ಮೇಲೆ; ಮಕ್ಕಳ ಅಂಕಪಟ್ಟಿ, ಸೈಟಿನ ಪತ್ರಗಳು ಪ್ಲಾಸ್ಟಿಕ್ ಚೀಲದಲ್ಲಿ; ಫ್ರಿಜ್ಜು ಇಟ್ಟಿಗೆಗಳ ಮೇಲೆ; ಗೇಟಿನಲ್ಲಿ ಮೊಣಕಾಲೆತ್ತರದ ಸಿಮೆಂಟಿನ ತಡೆ. ನೀರು ಇಳಿದ ಮೇಲಿನ ಕೆಲಸವೇ ಹೆಚ್ಚಿನದು. ಸಂಪಿನ ನೀರಿಗೆ ಚರಂಡಿ ಬೆರೆತಿರುತ್ತದೆ, ಮೋಟರು ಸುಟ್ಟಿರುತ್ತದೆ, ಸ್ಕೂಟರಿನ ಸೈಲೆನ್ಸರಿನಿಂದ ಕೆಸರು ಬರುತ್ತದೆ. ಮತ್ತು ಮೇಲಿನ ಮಹಡಿಯ ಮಾಲೀಕರು ತಿಂಗಳ ಬಾಡಿಗೆಯನ್ನು ಕೇಳುತ್ತಾರೆ. ಬೀದಿಯವರು ಕೂಡಿ ರಸ್ತೆಯನ್ನು ಒಂದಡಿ ಎತ್ತರಿಸಿಕೊಂಡರೆ ಪಕ್ಕದ ಬೀದಿಗೆ ಒಂದಡಿ ಹೆಚ್ಚು ನೀರು.

ಅಲ್ಲಿನ ಮುಖ್ಯ ತೊಡಕೆಂದು ಎಲ್ಲರೂ ಬೆರಳು ತೋರಿದ್ದು ರೈಲುಹಳಿಯ ಕೆಳಗಿನ ಕಿಂಡಿಯನ್ನು. ಹೆಬ್ಬಾಳ, ನಾಗವಾರ, ಹೆಣ್ಣೂರುಗಳ ಕಡೆಯಿಂದ ಅಗಲವಾಗಿ ಇಳಿದುಬರುವ ರಾಜಕಾಲುವೆ, ಹಳಿಯ ದಿಬ್ಬಕ್ಕೆ ಮುಟ್ಟುವಾಗ ಲಾಳಿಕೆಯ ಬಾಯಿಂದ ಕೊರಳಿಗೆ ಬಂದಂತೆ ಕಿರಿದಾಗಿ, ಹಾಯಲಾರದೆ ಹಿಂದಕ್ಕೆ ಉಬ್ಬಿ ಬಡಾವಣೆಯೊಳಗೆ ಹರಡುತ್ತದೆ. ಸುತ್ತ ಹೊಲಗಳಿದ್ದ ಕಾಲಕ್ಕೆ ಅಷ್ಟು ಕಿಂಡಿ ಸಾಕಾಗಿತ್ತು. ಈಗ ಅದನ್ನು ಅಗಲಿಸಬೇಕೆಂದರೆ ಹಳಿ ರೈಲ್ವೆಯದು, ಕಾಲುವೆ ನಗರಾಡಳಿತದ್ದು, ಹಣ ಯಾರದೆಂಬುದು ಪತ್ರವ್ಯವಹಾರದ್ದು. ಆದರೂ ಅಗಲಿಸಲೇಬೇಕು, ಸಾಯಿ ಲೇಔಟಿನವರು ಇನ್ನೊಂದು ಮಳೆಗಾಲವನ್ನು ಇಟ್ಟಿಗೆಗಳ ಮೇಲೆ ಕಳೆಯಬೇಕಾದ ನ್ಯಾಯವೇನೂ ಇಲ್ಲ.

ಹಾಗೆ ಅಗಲಿಸಿದ ದಿನ, ಇಷ್ಟು ಕಾಲ ಅವರ ನಡುಮನೆಗಳಲ್ಲಿ ನಿಲ್ಲುತ್ತಿದ್ದ ನೀರು ಕಲ್ಕೆರೆಯ ಕಡೆಗೆ ಒಮ್ಮೆಲೇ ಬಿಡುಗಡೆಯಾಗುತ್ತದೆ. ಅಲ್ಲಿಂದ ರಾಂಪುರ, ಅಲ್ಲಿಂದ ಎಲೆಮಲ್ಲಪ್ಪಶೆಟ್ಟಿ ಕೆರೆ. ಅವುಗಳ ಅಕ್ಕಪಕ್ಕದಲ್ಲಿ ಕೃಷ್ಣರಾಜಪುರದತ್ತ ಬೆಳೆಯುತ್ತಿರುವ ಹೊಸ ಬಡಾವಣೆಗಳ ಸೈಟುಗಳು ಈಗಲೂ ಮಾರಾಟವಾಗುತ್ತಿವೆ. ಕಿಂಡಿಯ ಅಂದಾಜುಪಟ್ಟಿಯನ್ನು ತಯಾರಿಸುವ ಇಂಜಿನಿಯರು ಅದೇ ಕಡತದಲ್ಲಿ ಈ ಮೂರು ಕೆರೆಗಳ ಹೂಳು ಎಷ್ಟು, ಕೋಡಿಗಳ ಅಗಲ ಎಷ್ಟು, ಕೋಡಿಯ ಕೆಳಗೆ ಕಾಲುವೆ ಉಳಿದಿದೆಯೆ ಎಂಬ ಇನ್ನೂ ಒಂದು ಹಾಳೆಯನ್ನು ಸೇರಿಸಬೇಕಾಗುತ್ತದೆ. ಮತ್ತು ಆ ಕೆಲಸ ಕಿಂಡಿಯ ಕೆಲಸಕ್ಕಿಂತ ಮೊದಲು ಆಗಬೇಕಾಗುತ್ತದೆ, ಏಕೆಂದರೆ ನೀರಿಳಿಯುವ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ದುರಸ್ತಿ ಮಾಡಿಕೊಂಡು ಬರದೆ ಬೇರೆ ಉಪಾಯವಿಲ್ಲ.